ಎಣಿಕೆಗೆ ಸಿಕ್ಕ ಅತಿಥಿಗಳು

ವಿದೇಶಕ್ಕೆ ಹೋಗಿ ಬಂದವರಿಗೆ ನಮ್ಮ ತ್ಯಾಮಗೊಂಡ್ಲುವಿನಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟಾಯಿತು?’ ಎಂಬುದು. ವರ್ತಕರ ಪೇಟೆಯೆಂದು ಹೆಸರಾಗಿದ್ದ ಊರಿಗೆ ಇದು ಸಹಜವೇ. ಎರಡನೆಯ ಪ್ರಶ್ನೆ ‘ಊಟಕ್ಕೆ ಏನು ಮಾಡಿದಿರಿ?’ ಎಂಬುದು. ಎರಡಕ್ಕೂ ಉತ್ತರ ಸಿಕ್ಕ ಮೇಲೆ ಕೇಳುವವರ ಕುತೂಹಲ ಬಹುಮಟ್ಟಿಗೆ ತಣಿಯುತ್ತದೆ. ಆದರೆ ಉತ್ತರ ಯೂರೋಪಿನ ಹಡಗು ವಿಹಾರವೊಂದನ್ನು ಮುಗಿಸಿ ಬಂದ ಮೇಲೆ ನನ್ನನ್ನೂ ನನ್ನ ಪತ್ನಿಯನ್ನೂ ಕಾಡುತ್ತಿರುವುದು ಬೇರೆಯೇ ಒಂದು ಲೆಕ್ಕ. ಒಂದು ಊರು ಎಷ್ಟು ಅತಿಥಿಗಳನ್ನು ತಾಳಬಲ್ಲದು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಆ ಲೆಕ್ಕ.

ನಾವಿಬ್ಬರೂ ಮೇಷ್ಟ್ರ ವೃತ್ತಿಯಿಂದ ನಿವೃತ್ತರಾದವರು. ಕಾಶಿ, ಬದರಿ, ರಾಮೇಶ್ವರಗಳನ್ನು ಮುಗಿಸಿದ್ದೇವೆ. ‘ಮಂಡಿ ಗಟ್ಟಿಯಿರುವಾಗಲೇ ಹೋಗಿ ಬನ್ನಿ’ ಎಂದು ಮಗಳು ಹಟ ಹಿಡಿದು ಖರ್ಚಿನ ಅರ್ಧ ಭಾಗ ತಾನು ಹೊತ್ತದ್ದರಿಂದ 2025ರ ಜೂನ್ ತಿಂಗಳಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಿಂದ ಹೊರಡುವ ಹಡಗೊಂದನ್ನು ಹತ್ತಿದೆವು. ಒಂದು ವಾರದ ಪ್ರಯಾಣ. ನಾರ್ವೆಯ ಪಶ್ಚಿಮ ಕರಾವಳಿಯ ನಾಲ್ಕು ಊರುಗಳು.

ಅತಿಥಿಯನ್ನು ಎಣಿಸುವ, ತೂಗುವ ಕೆಲಸ ಹಡಗು ಹತ್ತುವುದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ. ಷೆಂಗೆನ್ ವೀಸಾ ಬೇಕೆಂದರೆ ಬ್ಯಾಂಕಿನ ಲೆಕ್ಕಪತ್ರ, ಆದಾಯ ತೆರಿಗೆಯ ದಾಖಲೆ, ಹಿಂತಿರುಗುವ ಟಿಕೆಟ್ಟು, ಕನಿಷ್ಠ 30 ಸಾವಿರ ಯೂರೋಗಳ ವೈದ್ಯಕೀಯ ವಿಮೆ, ಹತ್ತೂ ಬೆರಳಿನ ಗುರುತು ಎಲ್ಲವನ್ನೂ ಒಪ್ಪಿಸಬೇಕು. 2024ರಲ್ಲಿ ಏರಿಸಿದ ಮೇಲೆ ಅರ್ಜಿ ಶುಲ್ಕವೇ ತಲೆಗೆ 90 ಯೂರೋ. ಮೂವತ್ತೈದು ವರ್ಷ ಮಕ್ಕಳ ಹಾಜರಿ ಕೂಗಿದ ನನ್ನ ಪತ್ನಿಗೆ, ತಾನು ನಿಜವಾಗಿಯೂ ವಾಪಸು ಬರುತ್ತೇನೆಂದು ಅಪರಿಚಿತರಿಗೆ ರುಜುವಾತು ಮಾಡಬೇಕಾಗಿ ಬಂದದ್ದು ಸ್ವಲ್ಪ ಚುಚ್ಚಿತು. ‘ನಮ್ಮ ಮನೆ, ಹಸು, ಮೊಮ್ಮಗ ಇಲ್ಲಿರುವಾಗ ನಾನೇಕೆ ಅಲ್ಲಿ ಉಳಿಯಲಿ?’ ಎಂದು ಅವಳ ವಾದ. ಅರ್ಜಿಯಲ್ಲಿ ಹಸುವಿಗೆ ಅಂಕಣವಿರಲಿಲ್ಲ.

ಹಡಗಿನ ವಿವರವನ್ನು ಹೆಚ್ಚು ಬೆಳೆಸುವುದಿಲ್ಲ. ಮೂರು ಸಾವಿರ ಪ್ರಯಾಣಿಕರು, ಸಾವಿರಕ್ಕೂ ಮೀರಿದ ಸಿಬ್ಬಂದಿ, ಸಮುದ್ರದ ನೀರನ್ನೇ ಸಿಹಿಯಾಗಿಸಿ ಬಳಸುವ ಯಂತ್ರಗಳು, ನಡುರಾತ್ರಿಯವರೆಗೂ ಮುಗಿಯದ ಊಟ. ನಿಂತು ಬಡಿಸಿಕೊಳ್ಳುವ ಅಷ್ಟುದ್ದದ ಊಟದ ಸಾಲಿನಲ್ಲಿ ಅನ್ನ, ಮೊಸರು ದಿನವೂ ಇದ್ದವು, ಚಟ್ನಿಪುಡಿ ನಮ್ಮದಿತ್ತು. ಆಯಿತು. ಕೊಠಡಿಯಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಸಂಜೆಯ ದೀಪಕ್ಕೆ ಬ್ಯಾಟರಿಯ ಪುಟ್ಟ ಹಣತೆಯನ್ನು ಒಯ್ದಿದ್ದೆವು. ಆದರೆ ಸಂಜೆ ಯಾವುದು? ಜೂನ್ ತಿಂಗಳಲ್ಲಿ ಬರ್ಗೆನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದರ ಮೇಲೆ. ಕಡೆಗೆ ನಮ್ಮೂರಿನ ಗಡಿಯಾರವನ್ನೇ ನಂಬಿ, ಅಲ್ಲಿನ ಹಾಡುಹಗಲಿನಲ್ಲಿ ದೀಪ ಹಚ್ಚಿದ್ದಾಯಿತು.

ನಮ್ಮ ಊಟದ ಮೇಜಿಗೆ ಬರುತ್ತಿದ್ದ ಹುಡುಗನೊಬ್ಬ ದಕ್ಷಿಣ ಕನ್ನಡದವನು. ಹೋಟೆಲ್ ನಿರ್ವಹಣೆಯ ಡಿಪ್ಲೊಮಾ ಮಾಡಿ ಹಡಗು ಸೇರಿದವನು. ನಾವು ಕನ್ನಡದಲ್ಲಿ ಮಾತನಾಡಿಕೊಳ್ಳುವುದು ಕಿವಿಗೆ ಬಿದ್ದೊಡನೆ ‘ಅಮ್ಮಾ, ಬೆಂಗಳೂರು ಕಡೆಯಾ?’ ಎಂದ. ಒಂಬತ್ತು ತಿಂಗಳ ಕರಾರು, ವಾರದ ರಜೆಯೆಂಬುದಿಲ್ಲ, ದಿನಕ್ಕೆ ಹತ್ತು ಹನ್ನೊಂದು ಗಂಟೆ ಕೆಲಸ. ಇದು ಕಾನೂನಿಗೆ ವಿರೋಧವೇನೂ ಅಲ್ಲ. 2006ರಲ್ಲಿ ರೂಪುಗೊಂಡು 2013ರಿಂದ ಜಾರಿಯಲ್ಲಿರುವ, ಭಾರತವೂ 2015ರಲ್ಲಿ ಅನುಮೋದಿಸಿದ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಲೆಕ್ಕದಲ್ಲಿ, ದಿನಕ್ಕೆ ಹತ್ತು ಗಂಟೆಯ ವಿಶ್ರಾಂತಿ ಕೊಟ್ಟರೆ ಉಳಿದ ಹದಿನಾಲ್ಕು ಗಂಟೆಯವರೆಗೂ ದುಡಿಸಿಕೊಳ್ಳಬಹುದು. ವಾರದ ಮಿತಿ 72 ಗಂಟೆ. ಹಡಗುಗಳು ಬಹಾಮಸ್, ಪನಾಮ, ಮಾಲ್ಟಾಗಳ ಬಾವುಟ ಹಾರಿಸುವುದರಿಂದ ನಾರ್ವೆಯ ಸಂಬಳವಾಗಲೀ ಕೆಲಸದ ಅವಧಿಯಾಗಲೀ ಇವರಿಗೆ ಅನ್ವಯಿಸುವುದಿಲ್ಲ. ಅವನಿಗೆ ಇದರ ಬಗ್ಗೆ ದೂರಿರಲಿಲ್ಲ. ಊರಿನಲ್ಲಿ ಮನೆ ಕಟ್ಟುತ್ತಿದ್ದಾನೆ, ತಂಗಿಯ ಮದುವೆಯಾಗಿದೆ. ‘ಗೈರಾಂಗರ್ ನೋಡಿದೆಯಾ?’ ಎಂದು ಕೇಳಿದೆ. ಎಂಟು ಬಾರಿ ಬಂದಿದ್ದಾನಂತೆ. ದಡಕ್ಕೆ ಇಳಿದದ್ದು ಒಂದೇ ಬಾರಿ, ಎರಡು ಗಂಟೆ.

ಗೈರಾಂಗರ್ ಎಂಬುದು ಆ ಪ್ರಯಾಣದ ಮುಕುಟಮಣಿ. ಹಿಮನದಿ ಕೊರೆದ ಕಣಿವೆಯೊಳಕ್ಕೆ ಸಮುದ್ರ ನುಗ್ಗಿ ಉಂಟಾದ ಕಡಲ ತೋಳಿಗೆ ಅಲ್ಲಿ ಫಿಯರ್ಡ್ ಎನ್ನುತ್ತಾರೆ. ಇಕ್ಕೆಲದಲ್ಲೂ ಕಡಿದಾದ ಬೆಟ್ಟಗಳು, ‘ಸಪ್ತ ಸೋದರಿ’ಯರೆಂಬ ಜಲಪಾತ, ನಡುವೆ ಕನ್ನಡಿಯಂಥ ಕಡುಹಸಿರು ನೀರು. ಬೆಟ್ಟದ ಅಂಚುಗಳಲ್ಲಿ ಹಕ್ಕಿಗೂಡಿನಂತೆ ಅಂಟಿಕೊಂಡ ಹಳೆಯ ಒಕ್ಕಲು ಮನೆಗಳಿವೆ. ಈಗ ಅಲ್ಲಿ ಯಾರೂ ಇಲ್ಲ. ಅವುಗಳಲ್ಲಿ ಸ್ಕಾಗೆಫ್ಲೋ ಎಂಬುದರ ಬಗ್ಗೆ ಒಂದು ಕಥೆಯಿದೆ. ತೆರಿಗೆ ವಸೂಲಿಗೆ ಅಧಿಕಾರಿ ಬರುವುದು ಕಂಡೊಡನೆ ಮನೆಯವರು ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಕಂದಾಯದ ಅಮಲ್ದಾರರನ್ನು ಕಂಡ ನಮ್ಮ ರೈತರಿಗೂ ಅಂಥದೊಂದು ಏಣಿ ಇದ್ದಿದ್ದರೆ ಎನ್ನಿಸಿತು.

ಈ ಚೆಲುವಿನ ಕೆಳಗೇ ಭಯವೂ ಇದೆ. 1934ರ ಏಪ್ರಿಲ್‌ನಲ್ಲಿ ಹತ್ತಿರದ ಟಾಫ್ಯೋರ್ಡಿನಲ್ಲಿ ಬೆಟ್ಟದ ಪಾರ್ಶ್ವ ಕುಸಿದು ಎದ್ದ ಅಲೆಗೆ 40 ಮಂದಿ ಬಲಿಯಾದರು. ಗೈರಾಂಗರ್‌ಗೆ ಹೋಗುವ ದಾರಿಯಲ್ಲಿರುವ ಓಕ್ನೆಸ್ ಬೆಟ್ಟ ಬಿರುಕುಬಿಟ್ಟಿದ್ದು, ಅದರ ಚಲನೆಯನ್ನು ಉಪಕರಣಗಳಿಂದ ಹಗಲಿರುಳೂ ಅಳೆಯುತ್ತಿದ್ದಾರೆ. 2024ರ ಜುಲೈನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ರಾತ್ರೋರಾತ್ರಿ ಕೊಚ್ಚಿಹೋದದ್ದನ್ನು, ಅದೇ ತಿಂಗಳು ನಮ್ಮ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದದ್ದನ್ನು ನೋಡಿದವರಿಗೆ, ಬೆಟ್ಟ ಬೀಳುವ ಮೊದಲೇ ಅದರ ನಾಡಿ ಹಿಡಿದು ಕೂತಿರುವ ಆಡಳಿತವೊಂದನ್ನು ಕಂಡು ಹೊಟ್ಟೆಕಿಚ್ಚಾದರೆ ತಪ್ಪಿಲ್ಲ.

ವರ್ಷವಿಡೀ ಗೈರಾಂಗರ್‌ನಲ್ಲಿ ವಾಸಿಸುವವರು ಇನ್ನೂರೈವತ್ತರ ಆಸುಪಾಸು. ನಮ್ಮ ಒಂದು ಹಡಗಿನಲ್ಲಿದ್ದವರು ಅದರ ಹನ್ನೆರಡು ಪಟ್ಟು. ನಾವಿಳಿದ ದಿನ ಅಲ್ಲಿ ಇನ್ನೊಂದು ಹಡಗೂ ಇತ್ತು. ಸಾಲುಗಟ್ಟಿ ಇಳಿದೆವು, ಜಲಪಾತದ ಪಕ್ಕದ ಮೆಟ್ಟಿಲು ಹತ್ತಿದೆವು, ಚಿತ್ರ ತೆಗೆದೆವು. ನಾಲ್ಕು ಗಂಟೆಗಳಲ್ಲಿ ನಾವಿಬ್ಬರು ಆ ಊರಿನಲ್ಲಿ ಖರ್ಚು ಮಾಡಿದ್ದು ಎರಡು ಕಾಫಿ ಮತ್ತು ಮೊಮ್ಮಗನಿಗೊಂದು ಉಣ್ಣೆಯ ಟೊಪ್ಪಿಗೆ. ಊಟ ಹಡಗಿನಲ್ಲೇ ಕಾದಿತ್ತಲ್ಲ! ಹಡಗಿನ ಪ್ರವಾಸಿಗರ ಮೇಲೆ ಅಲ್ಲಿನವರ ಮುಖ್ಯ ಆಕ್ಷೇಪವೂ ಇದೇ. ಜನ ಬರುತ್ತಾರೆ, ಹೊಗೆ ಬಿಡುತ್ತಾರೆ, ಹಣ ಮಾತ್ರ ಹಡಗಿನಲ್ಲೇ ಉಳಿಯುತ್ತದೆ. ಗಾಳಿ ಆಡದ ಆ ಕಣಿವೆಯಲ್ಲಿ ಹಡಗಿನ ಹೊಗೆ ಬೇಸಿಗೆಯ ದಿನಗಳಲ್ಲಿ ನೀಲಿ ಪರದೆಯಂತೆ ತೂಗಿಕೊಂಡಿರುತ್ತದೆ.

ಅವರು ಏನು ಮಾಡಿದರೆಂಬುದು ಇಲ್ಲಿ ಮುಖ್ಯ. ಗೈರಾಂಗರ್ ಹಾಗೂ ನೆರೋಯ್ ಫಿಯರ್ಡ್‌ಗಳು 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2018ರಲ್ಲಿ ನಾರ್ವೆಯ ಸಂಸತ್ತು, ಈ ಪರಂಪರೆಯ ಫಿಯರ್ಡ್‌ಗಳೊಳಕ್ಕೆ 2026ರ ವೇಳೆಗೆ ಹೊಗೆಯುಗುಳುವ ಹಡಗುಗಳು ಬರಕೂಡದೆಂದು ನಿರ್ಣಯಿಸಿತು. ಬರ್ಗೆನ್ ನಗರ ದಿನಕ್ಕೆ ಎಂಟು ಸಾವಿರ ಹಡಗು ಪ್ರಯಾಣಿಕರೆಂಬ ಮಿತಿ ಹಾಕಿಕೊಂಡಿತು. ಬಂದು ನಿಂತ ಹಡಗು ತನ್ನ ಯಂತ್ರವನ್ನು ನಿಲ್ಲಿಸಿ ದಡದ ವಿದ್ಯುತ್ತನ್ನೇ ಬಳಸುವಂತೆ ಬಂದರಿನಲ್ಲಿ ವ್ಯವಸ್ಥೆ ಮಾಡಿತು. 2025ರಲ್ಲಿ, ಪ್ರವಾಸಿಗರ ಒತ್ತಡವಿರುವ ಸ್ಥಳೀಯ ಸಂಸ್ಥೆಗಳು ಶೇ 3ರವರೆಗೆ ಶುಲ್ಕ ವಿಧಿಸಲು ಅವಕಾಶ ಕೊಡುವ ಕಾನೂನಿಗೂ ಸಂಸತ್ತು ಒಪ್ಪಿಗೆ ನೀಡಿತು. ಆ ಹಣವನ್ನು ಶೌಚಾಲಯ, ಕಾಲುದಾರಿ, ಕಸ ವಿಲೇವಾರಿಯಂಥ ಪ್ರವಾಸಿ ಸೌಕರ್ಯಗಳಿಗೇ ಬಳಸಬೇಕು.

ಅಲ್ಲಿ ಎಲ್ಲವೂ ಆದರ್ಶವೆಂದು ಯಾರೂ ಭಾವಿಸಬೇಕಿಲ್ಲ. 2026ರ ಗಡುವು ಹತ್ತಿರ ಬಂದಾಗ, ಹತ್ತು ಸಾವಿರ ಟನ್ನಿಗಿಂತ ಚಿಕ್ಕ ಹಡಗುಗಳಿಗೆ ಮಾತ್ರ ಅದು ಉಳಿದು, ದೊಡ್ಡ ಹಡಗುಗಳಿಗೆ 2032ರವರೆಗೆ ವಿನಾಯಿತಿ ಸಿಕ್ಕಿತು. ಅತಿ ಹೆಚ್ಚು ಹೊಗೆ ಬಿಡುವವರಿಗೆ ಅತಿ ಹೆಚ್ಚು ಕಾಲಾವಕಾಶ! ಇಂಥ ನ್ಯಾಯ ನಮಗೇನೂ ಹೊಸದಲ್ಲ. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಚರ್ಚೆ ಒಂದು ಸಂಖ್ಯೆಯ ಸುತ್ತ ನಡೆಯುತ್ತದೆ. ಎಂಟು ಸಾವಿರವೋ ಆರು ಸಾವಿರವೋ, 2026ರೊಳಗೋ 2032ರೊಳಗೋ ಎಂದು ಜಗಳವಾಡಬಹುದು. ನಮ್ಮಲ್ಲಿ ಜಗಳವಾಡಲು ಸಂಖ್ಯೆಯೇ ಇಲ್ಲ.

ತ್ಯಾಮಗೊಂಡ್ಲುವಿನಿಂದ ದಾಬಸ್‌ಪೇಟೆ ದಾಟಿದರೆ ಶಿವಗಂಗೆ. ಗಂಗಾಧರೇಶ್ವರನ ಗುಡಿ, ಒಳಕಲ್ಲು ತೀರ್ಥ, ಸಂಕ್ರಾಂತಿಯ ಗಿರಿಜಾ ಕಲ್ಯಾಣ ಇವೆಲ್ಲ ಈ ಸೀಮೆಯ ಮನೆಮನೆಗೂ ಸೇರಿದವು. ಕುಮುದ್ವತಿ ನದಿ ಹುಟ್ಟುವುದೂ ಅಲ್ಲೇ. ಅದು ನೆಲಮಂಗಲ ತಾಲ್ಲೂಕಿನಲ್ಲಿ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ, ಸೇರುತ್ತಿತ್ತು ಎನ್ನುವುದೇ ಸರಿಯೇನೋ. ಭಾನುವಾರ ಬೆಳಗಿನಲ್ಲಿ ತುಮಕೂರು ಹೆದ್ದಾರಿ ಬಿಟ್ಟು ಆ ಬೆಟ್ಟದತ್ತ ತಿರುಗುವ ಕಾರು, ಬೈಕುಗಳನ್ನು ಒಮ್ಮೆ ನೋಡಬೇಕು. ಬರುವವರು ಬೆಂಗಳೂರಿನಿಂದಲೇ ತಿಂಡಿ, ನೀರು ಕಟ್ಟಿಕೊಂಡು ಬರುತ್ತಾರೆ. ಬಾಟಲಿ, ಪೊಟ್ಟಣಗಳನ್ನು ಮೆಟ್ಟಿಲ ಬದಿಯ ಬಂಡೆಗಳ ಸಂದಿಯಲ್ಲಿ ಬಿಟ್ಟು ಹೋಗುತ್ತಾರೆ. ಕಸ ಊರಿನ ಪಾಲು. ಗೈರಾಂಗರ್‌ನಲ್ಲಿ ಹಡಗು ಮಾಡುವುದನ್ನು ಇಲ್ಲಿ ಕಾರು ಮಾಡುತ್ತದೆ, ಅಷ್ಟೆ. ಆದರೆ ಒಂದು ಭಾನುವಾರ ಶಿವಗಂಗೆಯನ್ನು ಎಷ್ಟು ಜನ ಹತ್ತುತ್ತಾರೆಂದು ಸುತ್ತಲ ಯಾವ ಹಳ್ಳಿಯವರನ್ನು ಕೇಳಿದರೂ ‘ಲೆಕ್ಕವೇ ಇಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಆ ಉತ್ತರ ಅಕ್ಷರಶಃ ನಿಜ.

ಎಣಿಸುವುದು ನಮಗೆ ಅಸಾಧ್ಯವೆಂದಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ದೃಶ್ಯಗಳನ್ನು ಕಂಡ ಮೇಲೆ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸಿ, ಆನಂತರ ಆನ್‌ಲೈನ್ ನೋಂದಣಿ ತಂದು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಿತು. ಜನ ಒಪ್ಪಿಕೊಂಡರು. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಅದು ಕಾಡಿನ ಮಾತು. ಕಾಡಿಗೊಂದು ಇಲಾಖೆಯಿದೆ. ಊರಿಗೆ, ಬೆಟ್ಟಕ್ಕೆ, ಕ್ಷೇತ್ರಕ್ಕೆ ಆ ಅಧಿಕಾರ ಯಾರದು? ಅಲ್ಲದೆ ಶಿವಗಂಗೆ ದೇವರ ಬೆಟ್ಟ. ಭಕ್ತರನ್ನು ತಡೆಯುವುದುಂಟೆ ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ಸಂಕ್ರಾಂತಿಯ ಭಕ್ತನನ್ನೂ ಭಾನುವಾರದ ವಿಹಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ತಿರುಮಲದಲ್ಲಿ ದರ್ಶನಕ್ಕೆ ವೇಳೆ ಗೊತ್ತುಮಾಡಿ ಚೀಟಿ ಕೊಡುವುದನ್ನು ಯಾವ ಭಕ್ತನೂ ಅಪಚಾರವೆಂದು ಭಾವಿಸಿಲ್ಲ.

ಹೊರಗಿನಿಂದ ಬರುವುದನ್ನು ‘ಬೇಡ’ ಎನ್ನುವ, ಅಥವಾ ‘ಇಷ್ಟು ಸಾಕು’ ಎನ್ನುವ ಹಕ್ಕು ಊರಿನವರಿಗಿದೆಯೇ ಎಂಬ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಕೇವಲ ಪ್ರವಾಸದ್ದಲ್ಲ. ನಾವು ವಿಮಾನ ಹತ್ತಿಳಿದ ನಿಲ್ದಾಣ ಇರುವುದು ಇದೇ ಜಿಲ್ಲೆಯ ದೇವನಹಳ್ಳಿಯಲ್ಲಿ. 2008ರಲ್ಲಿ ಅದು ಆರಂಭವಾಗಲು ಸುಮಾರು ನಾಲ್ಕು ಸಾವಿರ ಎಕರೆ ಭೂಮಿ ಹೋಗಿದೆ. ನಾವು ಮರಳಿ ಬಂದ ಕೆಲವೇ ವಾರಗಳಲ್ಲಿ, 2025ರ ಜುಲೈ 15ರಂದು, ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ಮೂರು ವರ್ಷಕ್ಕೂ ಮಿಗಿಲಾಗಿ ಧರಣಿ ಕುಳಿತ ರೈತರ ಮಾತು ಕೊನೆಗೆ ನಡೆಯಿತು. ಬರಲಿದ್ದದ್ದು ಪ್ರವಾಸಿಗಳಲ್ಲ, ವೈಮಾನಿಕ ಉದ್ಯಮ, ನಿಜ. ಆದರೆ ಒಂದು ಸೀಮೆಯ ಮಿತಿಯನ್ನು ಅಲ್ಲಿ ಬಾಳುವವರೇ ಹೇಳಬೇಕೆಂಬ ತತ್ತ್ವ ಎರಡು ಕಡೆಯೂ ಒಂದೇ. ಅದಕ್ಕಾಗಿ ಅಲ್ಲಿ ಮತ ಹಾಕಿದರೆ ಸಾಕಾಯಿತು, ಇಲ್ಲಿ ಸಾವಿರಕ್ಕೂ ಹೆಚ್ಚು ದಿನ ಬಿಸಿಲಿನಲ್ಲಿ ಕೂರಬೇಕಾಯಿತು.

ಹಡಗುಗಳು ನಮ್ಮತ್ತಲೂ ಬರುತ್ತಿವೆ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ‘ಕ್ರೂಸ್ ಭಾರತ್ ಮಿಷನ್’ 2029ರ ವೇಳೆಗೆ ದೇಶದ ಹಡಗು ಪ್ರವಾಸಿಗರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ನವಮಂಗಳೂರು ಬಂದರಿಗೆ ಈಗಾಗಲೇ ವಿದೇಶಿ ವಿಹಾರ ಹಡಗುಗಳು ಬಂದು ಹೋಗುತ್ತವೆ. ಯಕ್ಷಗಾನ ವೇಷದ ಸ್ವಾಗತ ಮುಗಿಸಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ದೇವಸ್ಥಾನ, ಒಂದು ಗೇರುಬೀಜದ ಕಾರ್ಖಾನೆ ನೋಡಿ, ಸಂಜೆಗೆ ಹಡಗು ಸೇರುತ್ತಾರೆ. ಗೈರಾಂಗರ್‌ನಲ್ಲಿ ನಾವು ಕಳೆದ ನಾಲ್ಕು ಗಂಟೆಗಳಂತೆಯೇ. ಸಂಖ್ಯೆ ಇಮ್ಮಡಿಯಾಗಲಿ, ಆಕ್ಷೇಪವಿಲ್ಲ. ಆದರೆ ಬಂದರಿನಲ್ಲಿ ನಿಂತ ಹಡಗು ಯಾವ ಇಂಧನ ಸುಡುತ್ತದೆ, ಇಳಿದವರ ತಲೆಗೆ ಎಷ್ಟು ಶುಲ್ಕ, ಅದರಲ್ಲಿ ಮೂಡುಬಿದಿರೆಯ ಪುರಸಭೆಗೆ ಎಷ್ಟು ಎಂಬ ಮಾತು ಮೊದಲೇ ಆಗಬೇಡವೇ? ಹಡಗಿನೊಳಗೆ ದುಡಿಯುವ ಕರಾವಳಿಯ ಹುಡುಗರಿಗೆ ತಮ್ಮೂರಿನ ಬಂದರಿನಲ್ಲಾದರೂ ಇಳಿದು ಮನೆಯವರ ಮುಖ ನೋಡುವಷ್ಟು ಬಿಡುವು ಸಿಗುತ್ತದೆಯೇ ಎಂಬುದನ್ನೂ ಯಾರಾದರೂ ಕೇಳಬೇಕು.

ನೆಲಮಂಗಲ ತಾಲ್ಲೂಕಿನ ಮಟ್ಟಿಗೆ ನನ್ನ ಸಲಹೆ ದೊಡ್ಡದೇನಲ್ಲ. ಶಿವಗಂಗೆಯ ಮೆಟ್ಟಿಲಿನ ಬುಡದಲ್ಲಿ ಹತ್ತುವವರನ್ನು ಒಂದು ವರ್ಷ ಕಾಲ ಎಣಿಸಲಿ. ಸರದಿಯ ಮೇಲೆ ಇಬ್ಬರು ಯುವಕರಿಗೆ ಸಂಬಳ ಕೊಟ್ಟರೆ ಸಾಕು. ವಾಹನ ನಿಲುಗಡೆಯ ಹಣದಲ್ಲಿ ಒಂದು ಪಾಲು ಪಂಚಾಯಿತಿಯ ಕಸದ ಗಾಡಿಗೆ ಸಲ್ಲಲಿ. ಹತ್ತುವಾಗ ಒಯ್ದ ಪ್ಲಾಸ್ಟಿಕ್ ಬಾಟಲಿಗೆ ಠೇವಣಿ ಪಡೆದು, ಇಳಿಯುವಾಗ ಬಾಟಲಿ ತೋರಿಸಿದವರಿಗೆ ಅದನ್ನು ಮರಳಿಸುವ ಪದ್ಧತಿ ಬರಲಿ. ತಮಿಳುನಾಡಿನ ನೀಲಗಿರಿಯ ಮದ್ಯದಂಗಡಿಗಳಲ್ಲಿ ಖಾಲಿ ಸೀಸೆಗೆ ಹತ್ತು ರೂಪಾಯಿ ಹಿಂದಿರುಗಿಸುವ ಕ್ರಮ ಕೆಲಸ ಮಾಡಿದೆ. ವರ್ಷದ ಕೊನೆಗೆ ಆ ಎಣಿಕೆಯನ್ನು ಗ್ರಾಮಸಭೆಯ ಮುಂದಿಟ್ಟು, ಭಾನುವಾರಕ್ಕೆ ಎಷ್ಟು ಜನ ಎಂಬುದನ್ನು ಬೆಟ್ಟದ ಬುಡದಲ್ಲಿ ಬಾಳುವವರನ್ನೇ ಕೇಳಲಿ. ಮುಂದಿನ ಸಂಕ್ರಾಂತಿಯ ಗಿರಿಜಾ ಕಲ್ಯಾಣದ ದಿನದಿಂದಲೇ ಎಣಿಕೆ ಶುರುವಾಗುವುದಾದರೆ, ಮೊದಲ ದಿನ ಮೆಟ್ಟಿಲ ಬಳಿ ಪುಸ್ತಕ ಹಿಡಿದು ಕೂರಲು ನನ್ನ ಪತ್ನಿ ಸಿದ್ಧಳಿದ್ದಾಳೆ. ಹಾಜರಿ ಕೂಗಿದ ಅನುಭವ ಅವಳಿಗೆ ಸಾಕಷ್ಟಿದೆ.