ಕಾನೂನಿನ ಹೆಸರು ಹೇಳಿ ಫೋನಿಡುವವರು

ಬಟ್ಟೆ ಅಂಗಡಿಯಿರಲಿ, ಚಪ್ಪಲಿ ಅಂಗಡಿಯಿರಲಿ, ಬಿಲ್ ಹಾಕುವವರು ಸಾಮಾನು ಮುಟ್ಟುವ ಮೊದಲೇ ಕೇಳುವುದು ಮೊಬೈಲ್ ನಂಬರು. ಯಾಕೆ ಎಂದರೆ ‘ನಂಬರ್ ಹಾಕದಿದ್ರೆ ಸಿಸ್ಟಮ್ ತಗೊಳ್ಳಲ್ಲ ಸಾರ್’ ಎಂಬ ಉತ್ತರ. ಹಿಂದೆ ಜನ ನಿಂತಿರುತ್ತಾರೆ. ಅವರೆಲ್ಲರಿಗೂ ಕೇಳಿಸುವಂತೆ ನಾವು ಹತ್ತು ಅಂಕಿಗಳನ್ನು ಹೇಳಿ ಹೊರಡುತ್ತೇವೆ. ಹೀಗೆಯೇ ನಂಬರು ಕೊಟ್ಟು ತಾಯಿ ಕೊಂಡ ಮಿಕ್ಸಿ ವಾರಂಟಿ ಮುಗಿಯುವ ಮೊದಲೇ ಕೆಟ್ಟುಹೋಗಿ, ಮಗಳು ಕಸ್ಟಮರ್ ಕೇರಿಗೆ ಫೋನ್ ಮಾಡಿದಳೆನ್ನಿ. ಆಗ ಕೇಳಿಬರುವ ಮಾತೇ ಬೇರೆ: ‘ಸಾರಿ ಮೇಡಂ, ಅಕೌಂಟ್ ಹೋಲ್ಡರ್ ಹತ್ರ ಮಾತ್ರ ಮಾತಾಡಬಹುದು. ಡೇಟಾ ಪ್ರೊಟೆಕ್ಷನ್ ರೂಲ್ಸ್ ಇದೆ.’

ನಂಬರು ಪಡೆಯುವಾಗ ನೆನಪಾಗದ ನಿಯಮ ಉತ್ತರ ಕೊಡಬೇಕಾದಾಗ ನೆನಪಾಗುತ್ತದೆ. ಇದನ್ನು ಅನುಭವಿಸಿದವರು ಬೇಸತ್ತು ಕಾನೂನನ್ನೇ ಬೈಯುತ್ತಾರೆ. ‘ಇಂಥ ರಕ್ಷಣೆ ಯಾರಿಗೆ ಬೇಕಿತ್ತು’ ಎನ್ನುತ್ತಾರೆ. ಆ ಸಿಟ್ಟು ನ್ಯಾಯವಾದದ್ದು, ಆದರೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಕಂಪನಿಗಳು ಕಾನೂನು ಹೇಳದ ಮಾತನ್ನು ಕಾನೂನಿನ ಬಾಯಿಗೆ ತುರುಕುತ್ತಿವೆ. ಇದನ್ನು ಹೀಗೇ ಬಿಟ್ಟರೆ ನಮಗೆ ನಿಜವಾಗಿಯೂ ಬೇಕಾದ ಒಂದು ಹಕ್ಕು ಜನರ ಕಣ್ಣಿನಲ್ಲಿ ಕಿರಿಕಿರಿಯಾಗಿ ಉಳಿದುಬಿಡುತ್ತದೆ.

ಆ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅಂದರೆ ಅವು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ.

ಕಾಯ್ದೆಯನ್ನು ಓದಿದರೆ ಆಶ್ಚರ್ಯವಾಗುತ್ತದೆ, ಏಕೆಂದರೆ ಅದು ಮಾತಾಡುವುದು ಬಿಲ್ಲಿಂಗ್ ಕೌಂಟರಿನ ಬಗ್ಗೆಯೇ. ಅದರಲ್ಲೊಂದು ಉದಾಹರಣೆಯಿದೆ. ಒಬ್ಬಾಕೆ ಔಷಧಿ ಅಂಗಡಿಯಲ್ಲಿ ಏನನ್ನೋ ಕೊಳ್ಳುತ್ತಾಳೆ. ದುಡ್ಡು ಸಂದಾಯವಾದ ರಸೀದಿಯನ್ನು ಮೊಬೈಲಿಗೆ ಕಳಿಸಿ ಎಂದು ತಾನಾಗಿಯೇ ನಂಬರು ಕೊಡುತ್ತಾಳೆ. ಅಂಗಡಿಯವನು ಆ ರಸೀದಿ ಕಳಿಸಲು ನಂಬರನ್ನು ಬಳಸಬಹುದು. ಯಾವ ಕೆಲಸಕ್ಕೆ ಕೊಟ್ಟರೋ ಆ ಕೆಲಸಕ್ಕೆ ಮಾತ್ರ. ಯುಗಾದಿ ಆಫರ್, ದಸರಾ ಡಿಸ್ಕೌಂಟ್, ಪಾಲುದಾರ ಕಂಪನಿಯ ಸಾಲದ ಕರೆ, ಇವೆಲ್ಲ ಆ ರಸೀದಿಯೊಳಗೆ ಬರುವುದಿಲ್ಲ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಯಾವ ಷರತ್ತೂ ಇರಬಾರದು ಎನ್ನುತ್ತದೆ ಕಾಯ್ದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು ಎಂದೂ ಹೇಳುತ್ತದೆ. ಅದರಲ್ಲಿ ಕನ್ನಡವೂ ಸೇರಿತು. ಇದಕ್ಕೂ ಮೊದಲು, 2023ರ ಮೇ ತಿಂಗಳಲ್ಲೇ, ನಂಬರು ಕೊಡದಿದ್ದರೆ ಬಿಲ್ ಹಾಕುವುದಿಲ್ಲ ಎಂದು ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿತ್ತು. ‘ಸಿಸ್ಟಮ್ ತಗೊಳ್ಳಲ್ಲ’ ಎನ್ನುವವರು ಈ ಯಾವುದನ್ನೂ ಓದಿದಂತಿಲ್ಲ.

ಇನ್ನು ತಾಯಿಯ ಮಿಕ್ಸಿಯ ವಿಷಯ. ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡಬಾರದೆಂದು ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದರ ಬೆನ್ನೆಲುಬೇ ಒಪ್ಪಿಗೆ. ತಾಯಿ ಫೋನು ತೆಗೆದುಕೊಂಡು ‘ನನ್ನ ಮಗಳ ಹತ್ತಿರ ಮಾತಾಡಪ್ಪ’ ಎಂದರೆ ಅದೇ ಒಪ್ಪಿಗೆ. ಅಲ್ಲಿಗೆ ಕಾನೂನಿನ ತಕರಾರು ಮುಗಿಯಿತು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಇಂಥ ಕರೆಗಳಲ್ಲಿ ಹೆಚ್ಚಿನವುಗಳಲ್ಲಿ ಕಂಪನಿ ಯಾರ ಗುಟ್ಟನ್ನೂ ಬಿಟ್ಟುಕೊಡಬೇಕಾಗಿಲ್ಲ. ಇಂಥ ಬಿಲ್ ನಂಬರಿನ ಮಿಕ್ಸಿ ಕೆಟ್ಟಿದೆ ಎಂದು ಹೇಳುವವರು ನಾವು. ಮಾಹಿತಿ ನಮ್ಮಿಂದ ಅವರಿಗೆ ಹೋಗುತ್ತಿದೆ. ‘ದೂರು ಬರೆದುಕೊಂಡೆವು, ನಮ್ಮಲ್ಲಿರುವ ವಿಳಾಸಕ್ಕೆ ಮೆಕ್ಯಾನಿಕ್ ಬರುತ್ತಾನೆ’ ಎಂದು ಅವರು ಹೇಳಿದರೆ ಆ ವಿಳಾಸ ಯಾವುದೆಂದು ಕೇಳಿದವರಿಗೆ ಗೊತ್ತಾಗುವುದೂ ಇಲ್ಲ. ವಿಳಾಸ ಬದಲಿಸಿ ಎಂದಾಗ, ರೀಫಂಡ್ ಹಣ ಬೇರೆ ಖಾತೆಗೆ ಹಾಕಿ ಎಂದಾಗ, ಹಿಂದಿನ ಆರ್ಡರುಗಳ ಪಟ್ಟಿ ಕೇಳಿದಾಗ ಅವರು ಬಿಗಿಯಾಗಲಿ, ಓಟಿಪಿ ಕೇಳಲಿ. ಅದು ಸರಿಯಾದ ಎಚ್ಚರ. ದೂರು ಬರೆದುಕೊಳ್ಳುವುದಕ್ಕೂ ಅದೇ ಬೀಗ ಜಡಿಯುವುದು ಎಚ್ಚರವಲ್ಲ, ಕೆಲಸ ತಪ್ಪಿಸಿಕೊಳ್ಳುವ ದಾರಿ.

ನಮ್ಮ ಮನೆಗಳ ರೀತಿಯನ್ನು ಈ ಕಂಪನಿಗಳು ಅರ್ಥ ಮಾಡಿಕೊಂಡೇ ಇಲ್ಲ ಎನ್ನುವುದು ನನಗೆ ಇನ್ನೂ ದೊಡ್ಡ ಸಂಕಟ. ಒಂದು ನಂಬರು, ಒಬ್ಬ ಗ್ರಾಹಕ ಎಂದು ಅವರ ಲೆಕ್ಕ. ನಮ್ಮಲ್ಲಿ ದುಡ್ಡು ಬೆಂಗಳೂರಿನ ಮಗನದು, ಫ್ರಿಜ್ ಇರುವುದು ಸಾಗರದ ಮನೆಯಲ್ಲಿ, ಬಳಸುವವರು ಅಪ್ಪ ಅಮ್ಮ, ಬಿಲ್ಲಿನ ಮೇಲಿರುವುದು ಅಂದು ಜೊತೆಗೆ ಹೋಗಿದ್ದ ಅಳಿಯನ ನಂಬರು. ಓಟಿಪಿ ಅಳಿಯನಿಗೆ ಹೋಗುತ್ತದೆ. ಅವನು ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಾನೆ. ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ವಾಪಸ್ ಹೋಗುತ್ತಾನೆ.

ಗಂಡ ತೀರಿಕೊಂಡ ಹೆಣ್ಣುಮಕ್ಕಳ ಪಾಡಂತೂ ಹೇಳತೀರದು. ನಮ್ಮ ಬಡಾವಣೆಯ ಹಿರಿಯ ಮಹಿಳೆಯೊಬ್ಬರ ಫ್ರಿಜ್ ಅವರ ಯಜಮಾನರ ಹೆಸರಿನಲ್ಲಿತ್ತು. ‘ಅವರು ಹೋಗಿಬಿಟ್ರು ಕಣಪ್ಪ’ ಎಂದು ಆಕೆ ಹೇಳಿದ ಮೇಲೂ ಆ ಕಡೆಯ ಹುಡುಗ ಸ್ಕ್ರಿಪ್ಟಿನಲ್ಲಿದ್ದುದನ್ನೇ ಓದಿದ: ‘ಅಕೌಂಟ್ ಹೋಲ್ಡರನ್ನೇ ಲೈನಿಗೆ ಕೊಡಿ ಅಮ್ಮ.’ ಪಕ್ಕದಲ್ಲಿ ಕೂತು ಆ ಮಾತು ಕೇಳಿಸಿಕೊಂಡ ನನಗೆ ಇವತ್ತಿಗೂ ಅದನ್ನು ಮರೆಯಲಾಗಿಲ್ಲ. ಈ ಬಿಗಿಯಿಂದ ಭದ್ರತೆಯಾದರೂ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ನಿಷ್ಕ್ರಿಯವಾದ ಮೊಬೈಲ್ ನಂಬರನ್ನು ಕನಿಷ್ಠ 90 ದಿನಗಳ ಬಳಿಕ ಬೇರೊಬ್ಬರಿಗೆ ಕೊಡಲಾಗುತ್ತದೆ. ಅಂದರೆ ಹೆಂಡತಿಗೆ ಹೇಳದ ಓಟಿಪಿ ಮುಂದೊಂದು ದಿನ ಗುರುತು ಪರಿಚಯವಿಲ್ಲದವರ ಕೈಗೆ ತಾನಾಗಿ ತಲುಪಬಹುದು.

ಇದರಿಂದ ಜನ ಏನು ಕಲಿಯುತ್ತಾರೆ? ಸುಳ್ಳು ಹೇಳುವುದನ್ನು. ‘ಹೂಂ, ನಾನೇ ಮಾತಾಡ್ತಿರೋದು’ ಎಂದು ಮಗ ಅಪ್ಪನಾಗುತ್ತಾನೆ, ಸೊಸೆ ಅತ್ತೆಯಾಗುತ್ತಾಳೆ. ಎಷ್ಟೋ ಸಲ ಕಸ್ಟಮರ್ ಕೇರಿನವರಿಗೂ ಅದು ಗೊತ್ತಿರುತ್ತದೆ. ಆದರೆ ಅದೇ ಕಾಯ್ದೆಯ 15ನೇ ಸೆಕ್ಷನ್ ಮಾಹಿತಿ ಕೊಡುವಾಗ ಇನ್ನೊಬ್ಬರಂತೆ ನಟಿಸಬಾರದೆಂದು ನಾಗರಿಕರಿಗೆ ಕರ್ತವ್ಯ ವಿಧಿಸಿದೆ. ಮೀರಿದರೆ 10,000 ರೂಪಾಯಿವರೆಗೆ ದಂಡ. ಪ್ರಾಮಾಣಿಕವಾಗಿ ‘ನಾನು ಅವರ ಮಗಳು’ ಎಂದವಳಿಗೆ ಬಾಗಿಲು ಮುಚ್ಚಿ, ಸುಳ್ಳು ಹೇಳಿದವಳಿಗೆ ತೆರೆಯುವ ವ್ಯವಸ್ಥೆ ಯಾರನ್ನೂ ಕಾಪಾಡುವುದಿಲ್ಲ.

ಫೋನೆತ್ತುವ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆ, ಕ್ವಾಲಿಟಿ ವಿಭಾಗದವರು ಕೇಳಿ ಅಂಕ ಹಾಕುತ್ತಾರೆ. ಒಂದು ವಿವರ ಹೆಚ್ಚಿಗೆ ಹೇಳಿದರೆ ಕೆಲಸಕ್ಕೇ ಕುತ್ತು. ಹತ್ತು ಜನರನ್ನು ಬರಿಗೈಯಲ್ಲಿ ಕಳಿಸಿದರೆ ಯಾರೂ ಕೇಳುವುದಿಲ್ಲ. ಆ ಜಾಗದಲ್ಲಿದ್ದರೆ ಯಾರಾದರೂ ‘ಇಲ್ಲ’ ಎಂದೇ ಹೇಳುತ್ತಾರೆ. ತಪ್ಪು ಆ ಅಂಕದ ಪಟ್ಟಿಯನ್ನು ಬರೆದವರದು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಎಂಬ ಸಾಲನ್ನು ಅವರು ಓದಿ ಹೆದರಿದ್ದಾರೆ. ಗ್ರಾಹಕರ ಅಹವಾಲಿಗೆ ಉತ್ತರಿಸುವ ವ್ಯವಸ್ಥೆ ಇರಲೇಬೇಕು, ಕಾಯ್ದೆಯ ಇತರ ಹೊಣೆಗಳನ್ನು ತಪ್ಪಿದರೆ 50 ಕೋಟಿಯವರೆಗೆ ದಂಡವಿದೆ ಎಂಬುದೂ ಅದೇ ಕಾಯ್ದೆಯಲ್ಲಿದೆ. ಅದಕ್ಕೆ ಯಾರೂ ಹೆದರಿದಂತೆ ಕಾಣುವುದಿಲ್ಲ.

ಈ ನೆಪ ನಮ್ಮಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 1984ರಷ್ಟು ಹಿಂದೆಯೇ ಇಂಥ ಕಾನೂನು ಬಂದಿತ್ತು. 2003ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಬಿಲ್ ಬಾಕಿಯೆಂದು ಅನಿಲ ಸಂಪರ್ಕ ಕಡಿದ ಮನೆಯೊಂದರಲ್ಲಿ ವೃದ್ಧ ದಂಪತಿ ಸತ್ತು ಬಿದ್ದಿದ್ದರು. ಸಂಪರ್ಕ ಕಡಿದ ವಿಷಯವನ್ನು ಸಮಾಜ ಸೇವಾ ಇಲಾಖೆಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದಾಗ ಕಂಪನಿ ಬೊಟ್ಟು ಮಾಡಿದ್ದು ದತ್ತಾಂಶ ಸಂರಕ್ಷಣಾ ಕಾಯ್ದೆಯತ್ತ. ಕಾಯ್ದೆ ಅದನ್ನು ತಡೆಯುವುದಿಲ್ಲ ಎಂದು ಆ ಕಾಯ್ದೆಯನ್ನು ಜಾರಿ ಮಾಡುವ ಮಾಹಿತಿ ಆಯುಕ್ತರೇ ಆಗ ಹೇಳಬೇಕಾಯಿತು. ಕೆಟ್ಟ ಮಿಕ್ಸಿಗೂ ಆ ಸಾವುಗಳಿಗೂ ಅಜಗಜಾಂತರವಿದೆ, ನಿಜ. ಆದರೆ ಹಿಡಿದ ಗುರಾಣಿ ಒಂದೇ.

ವಂಚಕರು ಇದ್ದಾರಲ್ಲ ಎಂದು ಕೇಳುವವರಿದ್ದಾರೆ. ಖಂಡಿತ ಇದ್ದಾರೆ, ಓಟಿಪಿ ಕೇಳಿ ಖಾತೆ ಬರಿದು ಮಾಡಿದ ಸುದ್ದಿಯಿಲ್ಲದ ದಿನವಿಲ್ಲ. ಹಾಗಿರುವಾಗ ಕಂಪನಿಯೇ ನಮಗೆ ಫೋನ್ ಮಾಡಿ ‘ವೆರಿಫಿಕೇಶನ್‌ಗೆ ನಿಮ್ಮ ಡೇಟ್ ಆಫ್ ಬರ್ತ್ ಹೇಳಿ’ ಎನ್ನುತ್ತದಲ್ಲ, ಅವರು ಯಾರೆಂದು ನಮಗೆ ತೋರಿಸುವುದು ಹೇಗೆ? ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ. ಅಂಗಡಿ ಮಳಿಗೆಗಳ ಕರೆಗೆ ಅಂಥ ಗುರುತಿಲ್ಲ. ಗುರುತು ಸಾಬೀತುಪಡಿಸುವ ಹೊರೆಯೆಲ್ಲ ಗ್ರಾಹಕನ ಮೇಲೆಯೇ ಬಿದ್ದಿದೆ. ಇತ್ತ ಅವರೇ ಕಳಿಸುವ ಪಾರ್ಸೆಲ್ ಡಬ್ಬಿಯ ಮೇಲೆ ನಮ್ಮ ಹೆಸರು, ಮನೆ ವಿಳಾಸ, ಕೆಲವೊಮ್ಮೆ ಫೋನ್ ನಂಬರು ಕೂಡ ದಪ್ಪ ಅಕ್ಷರದಲ್ಲಿ ಅಂಟಿಕೊಂಡು ಬರುತ್ತದೆ. ಆ ಡಬ್ಬಿ ಬೀದಿಯ ಕಸದ ರಾಶಿ ಸೇರುತ್ತದೆ. ಅಪಾಯ ನಿಜಕ್ಕೂ ಇರುವಲ್ಲಿ ಕಾವಲಿಲ್ಲ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕೊಳ್ಳುವಾಗಲೇ ‘ನಿಮ್ಮ ಪರವಾಗಿ ಮಾತಾಡಬಹುದಾದ ಇನ್ನೊಬ್ಬರ ಹೆಸರು ಬರೆಯಿರಿ’ ಎಂದು ಒಂದು ಸಾಲು ಸೇರಿಸಲಿ. ಕಾಯ್ದೆಯಲ್ಲಿ ನಾಮಿನಿ ನೇಮಿಸುವ ಹಕ್ಕಿದೆ, ಆದರೆ ಅದು ಸಾವು ಅಥವಾ ಅಸಮರ್ಥತೆಯ ಸಂದರ್ಭಕ್ಕೆ. ಕಿವಿ ಮಂದವಾದ, ಇಂಗ್ಲಿಷ್ ಮೆನು ಅರ್ಥವಾಗದ, ಉಳಿದಂತೆ ಗಟ್ಟಿಯಾಗಿರುವ ಅಮ್ಮನಿಗೆ ಬೇಕಾದದ್ದು ದಿನದ ಕೆಲಸಕ್ಕೊಬ್ಬ ಸಹಾಯಕ. ಅದನ್ನು ಕೊಡಲು ಯಾವ ತಿದ್ದುಪಡಿಯೂ ಬೇಡ. ಕಂಪನಿ ಮನಸ್ಸು ಮಾಡಿದರೆ ಸಾಕು.

ಅಲ್ಲಿಯವರೆಗೆ ನಾವು ಸುಮ್ಮನಿರಬಾರದು. ಕೌಂಟರಿನಲ್ಲಿ ‘ನಂಬರ್ ಕೊಡಲ್ಲ, ಬಿಲ್ ಹಾಕಿ’ ಎನ್ನಿ. ಕಸ್ಟಮರ್ ಕೇರಿನವರು ಕಾನೂನು ಎಂದರೆ ಯಾವ ಕಾಯ್ದೆಯ ಯಾವ ಸೆಕ್ಷನ್ ಎಂದು ಕೇಳಿ, ಅದನ್ನು ಇಮೇಲಿನಲ್ಲಿ ಬರೆದು ಕಳಿಸಲು ಹೇಳಿ, ಅಹವಾಲು ಅಧಿಕಾರಿಯ ಹೆಸರು ಪಡೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. 2027ರ ಮೇ ತಿಂಗಳೊಳಗೆ ಕಂಪನಿಗಳು ತಮ್ಮ ಸ್ಕ್ರಿಪ್ಟುಗಳನ್ನು ಹೊಸದಾಗಿ ಬರೆದುಕೊಳ್ಳಲೇಬೇಕು. ಅವು ಬರೆದು ಮುಗಿಯುವ ಮೊದಲೇ ನಿಮ್ಮ ದೂರು ಅವರ ಮೇಜಿನ ಮೇಲಿರಲಿ.