ಹುಲ್ಲು ತರುವ ಮುನ್ನ ಹೆಸರು ಕೇಳಿ

ಕುಂಡದಲ್ಲಿ ಹುಲ್ಲು ಬೆಳೆಸೋದಾ ಅಂತ ನಗಬೇಡಿ. ಬುಡದಿಂದ ಕಾರಂಜಿಯಂತೆ ಚಿಮ್ಮುವ ಪೊದೆಹುಲ್ಲು ಮನೆ ಮುಂದಿದ್ದರೆ ಅದರ ಅಂದವೇ ಬೇರೆ. ಹೆಚ್ಚು ಆರೈಕೆಯೂ ಬೇಡ. ಆದರೆ ಬರೀ ಅಂದ ನೋಡಿ ತಂದರೆ ಏನಾಗುತ್ತೆ ಗೊತ್ತಾ? ನನ್ನ ಕಥೆ ಕೇಳಿ.

ಮೂರು ವರ್ಷದ ಹಿಂದೆ ನರ್ಸರಿಯೊಂದರಿಂದ ನರಿಬಾಲದಂಥ ನಸುಗೆಂಪು ತೆನೆಯ ಹುಲ್ಲು ತಂದೆ. ಹೆಸರು ಕೇಳಿದ್ದಕ್ಕೆ 'ಶೋ ಗಿಡ ಮೇಡಂ' ಅಂದರು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು! ಮರುವರ್ಷ ನೋಡಿದರೆ ಎದುರಿನ ಖಾಲಿ ಸೈಟಿನಲ್ಲಿ, ಪಕ್ಕದ ಮನೆ ಕಾಂಪೌಂಡಿನ ಬಿರುಕಿನಲ್ಲಿ ಅದರದೇ ಮರಿಗಳು. ಪಕ್ಕದ ಮನೆಯಾಕೆ ಮಾತು ಬಿಡುವುದೊಂದೇ ಬಾಕಿ.

ಆಮೇಲೆ ತಿಳಿಯಿತು, ಅದು ಫೌಂಟನ್ ಗ್ರಾಸ್. ಗಾಳಿಗೆ ಬೀಜ ಹಾರಿ ಹೋದಲ್ಲೆಲ್ಲ ಹುಟ್ಟುತ್ತದೆ. ಅಂದಕ್ಕೆಂದು ಒಯ್ದ ಹವಾಯಿ ದ್ವೀಪಗಳಲ್ಲಿ ಇಂದು ಅದು ಕಾಳ್ಗಿಚ್ಚಿಗೆ ಇಂಧನ. ಯೂರೋಪ್ ಒಕ್ಕೂಟ 2017ರಲ್ಲಿ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ನಿಮ್ಮಲ್ಲೂ ಇದ್ದರೆ ತೆನೆ ಒಣಗುವ ಮೊದಲೇ ಕತ್ತರಿಸಿ ಕವರಿಗೆ ಹಾಕಿ ಕಟ್ಟಿ, ಬುಡಸಮೇತ ಕಿತ್ತುಬಿಡಿ.

ಪೊದೆಹುಲ್ಲೇ ಬೇಕೇ? ನಮ್ಮ ಲಾವಂಚ ಇದೆಯಲ್ಲ! ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ನೆಟ್ಟುಕೊಂಡು ಬಂದ ಹುಲ್ಲಿದು. ನಮ್ಮ ಕಡೆ ಬೆಳೆಸುವ ತಳಿಯ ಬೀಜ ಸಾಮಾನ್ಯವಾಗಿ ಮೊಳೆಯುವುದಿಲ್ಲ, ಬೇರು ನೇರ ಕೆಳಗಿಳಿಯುತ್ತದೆಯೇ ಹೊರತು ಅಕ್ಕಪಕ್ಕ ಹಬ್ಬುವುದಿಲ್ಲ. ಹಾಗಾಗಿ ಪಕ್ಕದ ಮನೆಯವರ ಜೊತೆ ಜಗಳವಿಲ್ಲ.

ಲಾವಂಚವೆಂದು ಮಜ್ಜಿಗೆ ಹುಲ್ಲು ಕೊಟ್ಟಾರು, ಜೋಕೆ. ಎಲೆಯನ್ನು ಬೆರಳಲ್ಲಿ ತಿಕ್ಕಿ ನೋಡಿ. ನಿಂಬೆಯ ಘಮ ಬಂದರೆ ಮಜ್ಜಿಗೆ ಹುಲ್ಲು. ಲಾವಂಚದ ಎಲೆಗೆ ಆ ವಾಸನೆಯಿಲ್ಲ, ಅದರ ಸುವಾಸನೆಯೆಲ್ಲ ಬೇರಿನಲ್ಲಿ.

ಬೆಳೆಸುವುದು ಸುಲಭ. ಮಳೆಗಾಲದ ಆರಂಭದಲ್ಲಿ ಬೇರಿರುವ ಎರಡು-ಮೂರು ಕಂದು ಬಿಡಿಸಿ, ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ ನೆಡಿ. ಬೇರಿಗೆ ಆಳ ಬೇಕು, ಆದ್ದರಿಂದ ಹಳೇ ಡ್ರಮ್ಮೇ ಒಳ್ಳೆಯದು. ತಳದಲ್ಲಿ ತೂತು, ಮೇಲೆ ಚೆನ್ನಾಗಿ ಬಿಸಿಲು ಇರಲಿ. ಪೊದೆ ಕೆದರಿದಾಗ ಕತ್ತರಿಯಾಡಿಸಿ. ಒಂದೂವರೆ ವರ್ಷ ಕಾದರೆ ಕುಡಿಯುವ ನೀರಿನ ಹೂಜಿಗೆ ಹಾಕಲು ಮನೆಯದೇ ಬೇರು!

ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ, ಬಣ್ಣ ಬಿಡುತ್ತಾ ಅಂತ ಹತ್ತು ಸಲ ಕೇಳುವವರು ನಾವು. ಗಿಡ ತರುವಾಗ ಹೆಸರು ಏನು, ಬೀಜ ಹಾರುತ್ತಾ ಅಂತ ಎರಡು ಮಾತು ಕೇಳಬಾರದೇ? ಉತ್ತರ ಸಿಗದಿದ್ದರೆ ಕುಂಡವನ್ನು ಅಲ್ಲೇ ಬಿಟ್ಟು ಬನ್ನಿ.