ಪರವಾನಿಗೆ ಇದೆ, ಬಿಲ್ ಬಂದಿಲ್ಲ: ಕರಾವಳಿಯ ಗುತ್ತಿಗೆದಾರರ ಸಂಕಷ್ಟ

ಮಂಗಳೂರು: 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಟ್ಟಡ ಕೆಲಸಗಳು ನಿಂತದ್ದು ಕೇವಲ ಮಳೆಯಿಂದಾಗಿ ಅಲ್ಲ. ಅಕ್ರಮ ಕೆಂಪು ಕಲ್ಲಿನ ಕೋರೆಗಳ ಮೇಲೆ ಆಡಳಿತ ಬಿಗಿ ಕ್ರಮ ಕೈಗೊಂಡಾಗ ಕಲ್ಲು ಸಿಗಲಿಲ್ಲ, ಹೊಯಿಗೆಯೂ ಸಿಗಲಿಲ್ಲ. ಕೆಲಸವಿಲ್ಲದ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಿದರು. ಈ ಗದ್ದಲದ ನಡುವೆ ಹೆಚ್ಚು ಸುದ್ದಿಯಾಗದೆ ಉಳಿದವರು ಗುತ್ತಿಗೆದಾರರು. ಒಂದು ಕಡೆ ಕಾರ್ಮಿಕರಿಗೆ ಶನಿವಾರದ ಬಟವಾಡೆ ಕೊಡಬೇಕು, ಇನ್ನೊಂದು ಕಡೆ ಒಪ್ಪಂದದ ಅವಧಿಯೊಳಗೆ ಕೆಲಸ ಮುಗಿಸಬೇಕು.

ಗುತ್ತಿಗೆದಾರ ಎಂದರೆ ದುಡ್ಡು ಮಾಡಿದವನು ಎಂಬ ಭಾವನೆ ನಮ್ಮಲ್ಲಿದೆ. ಮಾಡಿದವರೂ ಇದ್ದಾರೆ, ಸುಳ್ಳಲ್ಲ. ಆದರೆ ಲೋಕೋಪಯೋಗಿ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಂಡು, ಪಂಚಾಯತಿನ ಚರಂಡಿ, ಪಾಲಿಕೆಯ ತಡೆಗೋಡೆ, ಶಾಲೆಯ ಕೊಠಡಿ ಎಂದು ಸಣ್ಣ ಕೆಲಸ ಹಿಡಿಯುವವರ ಲೆಕ್ಕ ಬೇರೆಯೇ ಇದೆ.

10 ಲಕ್ಷ ರೂಪಾಯಿಯ ಒಂದು ಕಾಮಗಾರಿಯನ್ನೇ ತೆಗೆದುಕೊಳ್ಳೋಣ. ಟೆಂಡರ್ ಹಾಕುವಾಗಲೇ ಇಎಂಡಿ ಕಟ್ಟಬೇಕು. ಕೆಲಸ ಮುಗಿದು, ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದು, ಬಿಲ್ ಪಾಸಾಗುವಾಗ ವೈಯಕ್ತಿಕ ಹೆಸರಿನ ಗುತ್ತಿಗೆದಾರನಿಗೆ ಆದಾಯ ತೆರಿಗೆಯೆಂದು ಶೇ. 1, ಜಿಎಸ್‌ಟಿ ಮೂಲದಲ್ಲಿ ಕಡಿತ ಶೇ. 2, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ. 1 ಕಡಿತವಾಗುತ್ತದೆ. ಭದ್ರತಾ ಠೇವಣಿಯೆಂದು ಸಾಮಾನ್ಯವಾಗಿ ಶೇ. 5 ಉಳಿಸಿಕೊಳ್ಳುತ್ತಾರೆ. ಒಟ್ಟು 90 ಸಾವಿರ ರೂಪಾಯಿ ಕೈಗೆ ಬರುವುದಿಲ್ಲ. ತೆರಿಗೆಯ ಭಾಗ ರಿಟರ್ನ್ ಸಲ್ಲಿಸಿದ ಮೇಲೆ ಲೆಕ್ಕಕ್ಕೆ ಸೇರುತ್ತದೆ, ಠೇವಣಿ ನಿರ್ವಹಣಾ ಅವಧಿ ಮುಗಿದ ಮೇಲೆ ಮರಳುತ್ತದೆ. ಸೆಸ್ ಮಾತ್ರ ಹೋದದ್ದು ಹೋಯಿತು. ಕಲ್ಲು, ಹೊಯಿಗೆ, ಜಲ್ಲಿಗೆ ಪರ್ಮಿಟ್ ಚೀಟಿ ತೋರಿಸದಿದ್ದರೆ ರಾಜಧನವೂ ಬಿಲ್ಲಿನಿಂದಲೇ ಕಡಿತ. ಪರ್ಮಿಟ್ ಇರುವ ಹೊಯಿಗೆ ಸಿಗದ ಊರಿನಲ್ಲಿ ಚೀಟಿ ಎಲ್ಲಿಂದ ತರುವುದು ಎಂಬುದಕ್ಕೆ ಯಾವ ಕಚೇರಿಯಲ್ಲೂ ಉತ್ತರವಿಲ್ಲ.

ಜಿಎಸ್‌ಟಿಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸರಕಾರಿ ಕಾಮಗಾರಿಗಳ ಮೇಲೆ ಶೇ. 12 ಇದ್ದ ದರ 2022ರ ಜುಲೈ 18ರಿಂದ ಶೇ. 18 ಆಯಿತು. ಹಳೆಯ ದರದಲ್ಲಿ ಟೆಂಡರ್ ಹಾಕಿ ಹೊಸ ದರದಲ್ಲಿ ಬಿಲ್ ಬರೆದವರಿಗೆ ವ್ಯತ್ಯಾಸ ಕೊಡುವವರು ಯಾರು ಎಂಬ ತಕರಾರು ಹುಟ್ಟಿತು. ಇನ್‌ವಾಯ್ಸ್ ಬರೆದ ಮೇಲೆ ಹಣ ಬರಲಿ, ಬಾರದಿರಲಿ, ತೆರಿಗೆ ಕಟ್ಟಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದದ್ದು ಕೊಂಚ ಸಮಾಧಾನ.

ಬಾಕಿ ಬಿಲ್ಲಿನ ಕಥೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಉಡುಪಿ ಕಂಡಿದೆ. ಬೆಳಗಾವಿಯ ಗುತ್ತಿಗೆದಾರ ಸಂತೋಷ್ ಪಾಟೀಲ್ 2022ರ ಎಪ್ರಿಲ್ 12ರಂದು ಉಡುಪಿಯ ವಸತಿಗೃಹದಲ್ಲಿ ಶವವಾಗಿ ಪತ್ತೆಯಾದರು. ಹಿಂಡಲಗಾ ಗ್ರಾಮದಲ್ಲಿ ಮಾಡಿದ ಸುಮಾರು 4 ಕೋಟಿ ರೂಪಾಯಿ ಕೆಲಸದ ಹಣ ಬರಲಿಲ್ಲ, ಕಮಿಷನ್ ಕೇಳುತ್ತಾರೆ ಎಂಬುದು ಅವರ ಆರೋಪವಾಗಿತ್ತು. ಆಗಿನ ಸಚಿವ ಕೆ.ಎಸ್. ಈಶ್ವರಪ್ಪ ರಾಜೀನಾಮೆ ನೀಡಿದರು. ಅದೇ ವರ್ಷ ಜುಲೈಯಲ್ಲಿ ಪೊಲೀಸರು ಸಾಕ್ಷ್ಯವಿಲ್ಲವೆಂದು 'ಬಿ' ವರದಿ ಸಲ್ಲಿಸಿದರು. ರಾಜ್ಯ ಗುತ್ತಿಗೆದಾರರ ಸಂಘದ 'ಶೇ. 40 ಕಮಿಷನ್' ಆರೋಪದ ಬಗ್ಗೆ ನ್ಯಾ. ನಾಗಮೋಹನದಾಸ್ ಆಯೋಗ 2025ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ರಾಜಕೀಯ ಪಕ್ಷಗಳ ವಾದ ಏನೇ ಇರಲಿ, ಗಮನಿಸಬೇಕಾದ ಅಂಶ ಒಂದಿದೆ. ಆ ಕೆಲಸಕ್ಕೆ ಕಾರ್ಯಾದೇಶವೇ ಇರಲಿಲ್ಲ ಎಂಬುದು ಸರಕಾರದ ನಿಲುವಾಗಿತ್ತು. 'ಮೊದಲು ಕೆಲಸ ಶುರು ಮಾಡಿ, ಕಾಗದ ಮತ್ತೆ ಬರುತ್ತದೆ' ಎಂಬ ಬಾಯಿಮಾತನ್ನು ನಂಬುವ ಗುತ್ತಿಗೆದಾರರು ನಮ್ಮ ಊರುಗಳಲ್ಲೂ ಕಡಿಮೆಯೇನಿಲ್ಲ.

ಇನ್ನು ಖಾಸಗಿ ಕೆಲಸ. ಇಲ್ಲೊಂದು ವಿಚಿತ್ರವಿದೆ. ವಿದ್ಯುತ್ ಕೆಲಸಕ್ಕೆ ಪರವಾನಿಗೆ ಬೇಕು, ಪಾಲಿಕೆಯಿಂದ ಮನೆ ಕಟ್ಟಲು ಮಾಲಕನಿಗೆ ಪರವಾನಿಗೆ ಬೇಕು, ನಕ್ಷೆಗೆ ಇಂಜಿನಿಯರ್ ಸಹಿ ಬೇಕು. ಆದರೆ ಮನೆ ಕಟ್ಟಿಕೊಡುವ ಕಂತ್ರಾಟುದಾರನಿಗೆ ಯಾವ ಪರವಾನಿಗೆಯೂ ಬೇಡ; ನಿನ್ನೆಯ ಸೆಂಟ್ರಿಂಗ್ ಮೇಸ್ತ್ರಿ ಇಂದು ಬೋರ್ಡ್ ಹಾಕಬಹುದು. ಫ್ಲ್ಯಾಟ್ ಕೊಂಡವರಿಗೆ ರೇರಾ ಕಾನೂನಿನಡಿ ರಚನಾ ದೋಷಕ್ಕೆ 5 ವರ್ಷಗಳ ರಕ್ಷಣೆ ಇದೆ. ಸ್ವಂತ ಜಾಗದಲ್ಲಿ ಮನೆ ಕಟ್ಟಿಸುವ ಗಲ್ಫ್ ಉದ್ಯೋಗಿಗೆ ಅದು ಅನ್ವಯಿಸುವುದಿಲ್ಲ, ಗ್ರಾಹಕರ ಆಯೋಗವೇ ಗತಿ. ಅಲ್ಲಿಯೂ ಲಿಖಿತ ಒಪ್ಪಂದ ಕೇಳುತ್ತಾರೆ. ಅದರಲ್ಲಿ ಚದರ ಅಡಿಯ ದರ ಮಾತ್ರ ಇದ್ದರೆ ಸಾಲದು. ಸಿಮೆಂಟ್, ಕಬ್ಬಿಣ ಯಾವುದು, ಪ್ರತಿ ಹಂತದ ಕಂತು ಎಷ್ಟು, ಕಲ್ಲಿನ ಬೆಲೆ ಏರಿದರೆ ಹೊರುವವರು ಯಾರು ಎಂಬುದೂ ಇರಬೇಕು. ಚರ್ಚಿನ ಸಭಾಭವನ ಕಟ್ಟಿಸುವ ಸಮಿತಿಗಳಿಗೂ ಈ ಮಾತು ಸಲ್ಲುತ್ತದೆ. 'ನಮ್ಮ ವಾರ್ಡಿನವನೇ ಅಲ್ಲವೇ' ಎಂದು ಕಾಗದವಿಲ್ಲದೆ ಕೊಟ್ಟ ಕೆಲಸದಲ್ಲಿ ಜಗಳವಾದರೆ ಎರಡೂ ಕಡೆಯವರು ಆದಿತ್ಯವಾರ ಮುಖ ನೋಡುವುದಿಲ್ಲ.

ಕಾರ್ಮಿಕರ ಸುರಕ್ಷತೆಯನ್ನು ಬಿಟ್ಟು ಈ ಚರ್ಚೆ ಮುಗಿಯದು. 2024ರ ಜುಲೈ 3ರಂದು ಮಂಗಳೂರಿನ ಬಲ್ಮಠದಲ್ಲಿ ಕಟ್ಟಡ ನಿವೇಶನದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಲುಕಿದರು. ಒಬ್ಬರನ್ನು ಜೀವಂತ ಹೊರತೆಗೆಯಲಾಯಿತು, ಇನ್ನೊಬ್ಬರು ಬದುಕಲಿಲ್ಲ. ಇಬ್ಬರೂ ಉತ್ತರ ಭಾರತದಿಂದ ಬಂದವರು. ಜಂಬಿಟ್ಟಿಗೆಯ ಗುಡ್ಡವನ್ನು ನೇರವಾಗಿ ಕಡಿದು ತಳ ಅಂತಸ್ತು ಕಟ್ಟುವ ನಮ್ಮ ಪದ್ಧತಿಗೆ ಮಳೆಗಾಲ ಅತ್ಯಂತ ಅಪಾಯದ ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಗೆತ ನಿಲ್ಲಿಸಿದರೆ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ, ಆದ್ದರಿಂದ ಕೆಲಸವನ್ನು ಹೇಗಾದರೂ ಮುಂದುವರಿಸುತ್ತಾರೆ.

ಪ್ರತಿ ಬಿಲ್ಲಿನಿಂದ ಸೆಸ್ ಕಟ್ಟುವ ಗುತ್ತಿಗೆದಾರನೇ ತನ್ನ ಕಾರ್ಮಿಕರನ್ನು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ಅಗತ್ಯವಾದ 90 ದಿನಗಳ ಕೆಲಸದ ಪ್ರಮಾಣಪತ್ರಕ್ಕೆ ಸಹಿ ಹಾಕಲು ಹಿಂಜರಿಯುತ್ತಾನೆ. ನಾಳೆ ಏನಾದರೂ ಆದರೆ ಪರಿಹಾರದ ಹೊಣೆ ತನ್ನ ಮೇಲೆ ಬರುತ್ತದೆ ಎಂಬ ಭಯ. ಸಹಿ ಹಾಕದಿದ್ದರೂ ಆ ಹೊಣೆ ಕಾನೂನಿನಲ್ಲಿ ಅವನ ಮೇಲೆಯೇ ಇದೆ. ಹೊರರಾಜ್ಯದ ಕಾರ್ಮಿಕರು ಬಾಡಿಗೆಗೆ ಇರುವ ವಾರ್ಡುಗಳಲ್ಲಿ ಅವರ ಬಳಿ ಮಂಡಳಿಯ ಕಾರ್ಡ್ ಇದೆಯೇ ಎಂದು ವಿಚಾರಿಸಲು ಗುರಿಕಾರರಿಗೆ ಅರ್ಧ ದಿನ ಸಾಕು.